ಕಸ್ತೂರಕ್ಕನ ನೂರಾ ಇಪ್ಪತ್ತು, ಎಂಬತ್ತು

ಕಸ್ತೂರಕ್ಕ ಹಾಸಿದ ಹಾಸಿಗೆಯ ಮೇಲೆ ಕೂರಲು ರೋಗಿಗಳೇ ಹಿಂದೆಮುಂದೆ ನೋಡುತ್ತಿದ್ದರು. ಒಂದು ಸುಕ್ಕಿಲ್ಲ, ಒಂದು ನಿರಿಗೆಯಿಲ್ಲ. ಚಾದರದ ನಾಲ್ಕೂ ಮೂಲೆಗಳು ಲಕೋಟೆ ಮಡಚಿದ ಹಾಗೆ ಗಾದಿಯ ಕೆಳಗೆ ಸೇರಿಬಿಡುತ್ತಿದ್ದವು. ಹದಿನೆಂಟು ಹತ್ತೊಂಬತ್ತರ ಹುಡುಗಿಯರಾದ ನಾವು ಒಂದು ಮಂಚಕ್ಕೆ ಇಬ್ಬಿಬ್ಬರು ನಿಂತು ಹೆಣಗುತ್ತಿದ್ದರೆ, ಅವಳೊಬ್ಬಳೇ ಮೂರು ಮಂಚ ಮುಗಿಸಿ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಮುಗೀತೇನ್ರೆವಾ? ಮದವಿ ಹಂದರ ಹಾಕಾಕತ್ತೀರೇನು?" ಎಂದು ನಗುತ್ತಿದ್ದಳು.

ನಗಲಿ ಬಿಡಿ, ಅವಳಿಗೆ ಹಕ್ಕಿತ್ತು. ದಾಬೋಲಿಮ್ ಕಡೆಯ ಒಂದು ದೊಡ್ಡ ಹೋಟೆಲಿನಲ್ಲಿ ಹನ್ನೊಂದು ವರ್ಷ ರೂಮು ಸ್ವಚ್ಛ ಮಾಡಿದ ಕೈಗಳು ಅವು. ನಮ್ಮ ನರ್ಸಿಂಗ್ ಶಾಲೆಯ ಮೊದಲ ಪ್ರಾಕ್ಟಿಕಲ್ಲಿನ ದಿನ ಹಾಸಿಗೆ ಹಾಸಿ, ಅದೇ ಭರದಲ್ಲಿ ಟವೆಲ್ಲನ್ನು ಮಡಚಿ ತಿರುವಿ ಒಂದು ಕೊಕ್ಕರೆ ಮಾಡಿ ದಿಂಬಿನ ಮುಂದೆ ಕೂರಿಸಿಬಿಟ್ಟಿದ್ದಳು. ಹೋಟೆಲಿನಲ್ಲಿ ಪ್ರವಾಸಿಗರಿಗೆಂದು ದಿನಾ ಮಾಡುತ್ತಿದ್ದ ಕೆಲಸ. ನಮ್ಮ ಟ್ಯೂಟರ್ ಫಿಲೋಮಿನಾ ಮೇಡಮ್ ಆ ಕೊಕ್ಕರೆಯನ್ನು ನೋಡಿದರು, ಅವಳನ್ನು ನೋಡಿದರು, ಬಾಯಿಗೆ ಕರ್ಚೀಫು ಹಿಡಿದುಕೊಂಡು ಹೊರಗೆ ಹೋದರು. ಅವರು ನಕ್ಕದ್ದನ್ನು ನಾವು ಆ ಮೂರು ವರ್ಷದಲ್ಲಿ ಕಂಡದ್ದು ಅಷ್ಟೇ.

ನನ್ನದೂ ಹೇಳಿಬಿಡುತ್ತೇನೆ. ಸಾವರ್ಡೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಅಜ್ಜನ ಕಾಲಕ್ಕೆ ಬೆಳಗಾವಿ ಕಡೆಯಿಂದ ಬಂದವರು ನಾವು. ಬೇರೆಲ್ಲೂ ಸೀಟು ಸಿಗಲಿಲ್ಲವೆಂದು ಅಪ್ಪ ನನ್ನನ್ನು ಮಡಗಾಂವಿನ ನರ್ಸಿಂಗ್ ಶಾಲೆಗೆ ನೂಕಿದ್ದರು. ಮೊದಲ ವಾರವೆಲ್ಲ ಅಳುವುದೇ ನನ್ನ ಉದ್ಯೋಗ. ತರಗತಿಯಲ್ಲಿ ಕನ್ನಡ ಬರುವವರು ನಾವಿಬ್ಬರೇ. ಅವಳು ಬಂದು ಪಕ್ಕದಲ್ಲಿ ಕೂತು, "ಏ ಸಾವುಕಾರ್ತಿ, ನೀ ಯಾಕ ಅಳತಿ? ಹನ್ನೊಂದು ವರ್ಷದ ನೌಕರಿ ಬಿಟ್ಟು ಬಂದಾಕಿ ನಾನು. ಅಳೂದಾದ್ರ ನಾ ಅಳಬೇಕು. ಸರಿ ಆಕಡೆ, ನೋಟ್ಸ್ ತೋರ್ಸು" ಅಂದಳು. ಅಂದಿನಿಂದ ನನ್ನ ಇಂಗ್ಲಿಷ್ ನೋಟ್ಸನ್ನೆಲ್ಲ ಮನೆಗೆ ಒಯ್ದು, ಆ ಉದ್ದುದ್ದ ರೋಗಗಳ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ದಾಬೋಲಿಮ್‌ನಿಂದ ಮಡಗಾಂವಿಗೆ ಬರುವ ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತಿದ್ದಳು.

ಅವಳು ಹೋಟೆಲಿನಲ್ಲಿ ಬರಿಯ ಕೆಲಸದವಳಾಗಿರಲಿಲ್ಲ, ಒಂದಿಡೀ ಮಹಡಿಯ ಸೂಪರ್‌ವೈಸರ್ ಆಗಿದ್ದಳು. ಬಿಟ್ಟು ಹೋಗುತ್ತೇನೆಂದಾಗ ಮ್ಯಾನೇಜರು, "ಹೋದರೆ ಈ ಬಾಗಿಲು ಮತ್ತೆ ತೆರೆಯುವುದಿಲ್ಲ" ಎಂದಿದ್ದರಂತೆ. ಶಾಲೆಗೆ ಸೇರುವ ವಯಸ್ಸಿನ ಮಿತಿ ಮೂವತ್ತೈದು. ಅವಳಿಗೆ ಮೂವತ್ತೈದು ತುಂಬಲು ನಾಲ್ಕು ತಿಂಗಳು ಬಾಕಿಯಿತ್ತು. ಮಕ್ಕಳಿರಲಿಲ್ಲ. ಗಂಡ ಬಸವರಾಜಣ್ಣ ವಾಸ್ಕೋ ಬಂದರಿನಲ್ಲಿ ಹಮಾಲಿ, ಓದುಬರಹ ಇಲ್ಲದವನು. "ನೀ ಓದು, ಮನಿ ನಾ ನೋಡ್ತೇನಿ" ಎಂದವನು ಹಾಗೆಯೇ ನಡೆದುಕೊಂಡ. ಅವಳ ಡಬ್ಬಿಯ ರೊಟ್ಟಿಗಳು ಒಮ್ಮೊಮ್ಮೆ ನಕಾಶೆಯ ಹಾಗೆ ಇರುತ್ತಿದ್ದವು. "ಇವತ್ತ ಅವ್ರು ಬಡದಾರು, ಸುಮ್ನ ತಿನ್ನು" ಅನ್ನುತ್ತಿದ್ದಳು.

ಯಾಕೆ ಬಿಟ್ಟೆ ಅಕ್ಕಾ ಅಷ್ಟು ಚಲೋ ನೌಕರಿ ಎಂದು ಒಮ್ಮೆ ಕೇಳಿದೆ. ಅವಳಿಗೊಬ್ಬ ತಮ್ಮನಿದ್ದ. ವಿಜಯಪುರದ ಕಡೆಯಿಂದ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಬಂದಿದ್ದವನು ಜ್ವರದಿಂದ ಇಲ್ಲಿಯ ಒಂದು ಆಸ್ಪತ್ರೆ ಸೇರಿದ. "ಅವಗ ಕನ್ನಡ ಬಿಟ್ರ ಬ್ಯಾರೆ ಬರತಿರಲಿಲ್ಲ. ಸಿಸ್ಟರ್ ಪಾಪ ಚಲೋದಾಕಿ, ತಾಸಿಗೊಮ್ಮೆ ಬಂದು ಕೊಂಕಣಿಯೊಳಗ ಕೇಳ್ತಿದ್ಲಂತ. ಇಂವ ಎಲ್ಲಾದಕ್ಕೂ ಹೂಂ ಅನ್ನಾಂವ. ಆರಾಮ ಅದಾನಂತ ಅವ್ರು ತಿಳಕೊಂಡ್ರು. ನನಗ ಡ್ಯೂಟಿ ಬಿಟ್ಟು ಬರಾಕ ಆಗಲಿಲ್ಲ. ನಾ ಬರೂದ್ರಾಗ ಹೋಗಿದ್ದ. ಹೂಂ ಅನಕೋತನ ಹ್ವಾದ ನೋಡು ತಂಗಿ." ಇಷ್ಟು ಹೇಳಿ ಅವಳು ಎದ್ದು ಕೈತೊಳೆಯಲು ಹೋದಳು.

ಶಾಲೆ ಸೇರಿದ ಮೊದಲ ತಿಂಗಳಲ್ಲೇ ನಮಗೆ ಬಿಪಿ ನೋಡುವುದನ್ನು ಕಲಿಸಿದರು. ಇಬ್ಬಿಬ್ಬರು ಜೋಡಿ. ಒಬ್ಬರ ತೋಳಿಗೆ ಇನ್ನೊಬ್ಬರು ಪಟ್ಟಿ ಕಟ್ಟಿ, ಗಾಳಿ ತುಂಬಿ, ಕೇಳಿ, ವಹಿಯಲ್ಲಿ ಬರೆಯಬೇಕು. ವಾರಕ್ಕೊಮ್ಮೆ ಮೇಡಮ್ ಸಹಿ. ನನ್ನ ಜೋಡಿ ಕಸ್ತೂರಕ್ಕ. ಗಾಳಿ ಬಿಡುತ್ತ ಬಂದೆ. ನೂರಾ ಎಂಬತ್ತಕ್ಕೇ ಕಿವಿಯಲ್ಲಿ ಟಕ್ ಟಕ್ ಶುರುವಾಯಿತು. ನಾನೇ ತಪ್ಪಿದೆನೆಂದು ಮತ್ತೆ ನೋಡಿದೆ. ಮೂರನೆಯ ಸಲವೂ ಅಷ್ಟೇ. ಕೆಳಗಿನದು ನೂರಾ ಹತ್ತು. ಮೇಡಮ್‌ರನ್ನು ಕರೆಯೋಣವೆಂದು ಕತ್ತು ತಿರುಗಿಸುವಷ್ಟರಲ್ಲಿ ಅವಳು ನನ್ನ ಮಣಿಕಟ್ಟು ಹಿಡಿದಳು.

"ಬರೀಬ್ಯಾಡ."

"ಅಕ್ಕಾ, ಭಾಳ ಐತಿ."

"ನನಗ ಗೊತ್ತೈತಿ. ಹೋಟೆಲದಾಗೂ ಒಮ್ಮೆ ನೋಡಿ ಹೇಳಿದ್ರು. ಸೇರೂ ಮುಂದ ಫಿಟ್‌ನೆಸ್ ಕೊಡೂ ಡಾಕ್ಟ್ರು 'ಹೆದರಿಕಿಗೆ ಏರಿರಬೇಕು' ಅಂತ ಸಹಿ ಹಾಕಿ ಕೊಟ್ರು. ಈಗ ಮೇಡಮ್‌ಗ ತಿಳೀತಂದ್ರ, ವಯಸ್ಸೂ ಆಗೇತಿ, ಬ್ಯಾನಿನೂ ಐತಿ ಅಂತ ಹೊರಗ ಹಾಕ್ತಾರು. ಹೋಟೆಲಿನ ಬಾಗಲಾನೂ ಮುಚ್ಚೇತಿ. ನಾ ಎಲ್ಲಿ ಹೋಗ್ಲಿ? ನೂರಾ ಇಪ್ಪತ್ತು, ಎಂಬತ್ತು ಅಂತ ಬರಿ. ಎಲ್ಲಾರದೂ ಅಷ್ಟ ಐತಿ, ನೋಡು ಬೇಕಾದ್ರ."

ಖರೇ, ಸುತ್ತಲಿನ ಎಲ್ಲರ ವಹಿಯಲ್ಲೂ ಅಷ್ಟೇ ಇತ್ತು. ಬರೆದೆ. ಮೇಡಮ್ ಕೆಂಪು ಪೆನ್ನಿನಲ್ಲಿ ಸಹಿ ಹಾಕಿದರು. ಆಮೇಲೆ ವಾರವಾರವೂ ಹಾಗೆಯೇ ಬರೆದೆ. ಒಂದೇ ಅಂಕಿ ಇದ್ದರೆ ಸಂಶಯ ಬಂದೀತೆಂದು ಒಮ್ಮೆ ನೂರಾ ಹದಿನೆಂಟು, ಒಮ್ಮೆ ನೂರಾ ಇಪ್ಪತ್ತೆರಡು ಮಾಡುವ ಜಾಣತನವೂ ಬಂತು. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಪರಚಿಕೊಳ್ಳುವಷ್ಟು ಸಿಟ್ಟು ಬರುತ್ತದೆ.

ಗುಳಿಗೆ ತೆಗೆದುಕೊಳ್ಳುತ್ತಿರಲಿಲ್ಲವೇ ಅಂದರೆ, ತೆಗೆದುಕೊಳ್ಳುತ್ತಿದ್ದಳು. ಅದನ್ನು ಹೇಗೆ ಹೇಳಲಿ! ಅವಳ ಅತ್ತೆಗೂ ಬಿಪಿ ಇತ್ತು. ಆರೋಗ್ಯ ಕೇಂದ್ರದಿಂದ ಅತ್ತೆಯ ಹೆಸರಿನಲ್ಲಿ ಬರುತ್ತಿದ್ದ ಗುಳಿಗೆಯನ್ನು ಇಬ್ಬರೂ ಹಂಚಿಕೊಂಡಿದ್ದರು, ಒಂದು ದಿನ ಅತ್ತೆ, ಒಂದು ದಿನ ಸೊಸೆ. ನಮ್ಮನ್ನು ತರಬೇತಿಗೆ ಕಳಿಸುತ್ತಿದ್ದುದು ಅಂಥ ಕಡೆಗೇ ಆದ್ದರಿಂದ ತನ್ನ ಹೆಸರು ಅಲ್ಲಿಯ ಯಾವ ಕಾಗದದಲ್ಲೂ ಇರಬಾರದೆಂದು ಅವಳ ಹಟ. ವರ್ಷಕ್ಕೊಮ್ಮೆ ಶಾಲೆಯಲ್ಲಿ ಆರೋಗ್ಯ ತಪಾಸಣೆ ಇರುತ್ತಿತ್ತು. ಅದಕ್ಕೆ ಹದಿನೈದು ದಿನ ಮೊದಲು ಗುಳಿಗೆ ಪೂರ್ತಿ ಅವಳದು. ಅತ್ತೆಗೆ ಉಪವಾಸ. "ನಮ್ಮತ್ತಿ ಭಾಳ ಶ್ಯಾಣ್ಯಾಕಿ, ನನ್ನ ಸಲುವಾಗಿ ಬಿಪಿ ಬಿಟ್ಟಾಳ" ಎಂದು ಅದನ್ನೂ ನಗೆಗೆ ಹಾಕುತ್ತಿದ್ದಳು. ನಾನೂ ನಗುತ್ತಿದ್ದೆ.

ಸುಳ್ಳಿನ ಹೆಂಗಸೇ ಅಂದರೆ, ಅದೂ ಅಲ್ಲ. ಹೊಲಸು ಕಂಡರೆ ಅವಳ ಕೈ ತಡೆಯುತ್ತಿರಲಿಲ್ಲ. ಒಬ್ಬ ರೋಗಿಯ ಇಪ್ಪತ್ತನಾಲ್ಕು ತಾಸಿನ ಮೂತ್ರವನ್ನು ಪರೀಕ್ಷೆಗೆಂದು ಮಂಚದ ಕೆಳಗೆ ಕ್ಯಾನಿನಲ್ಲಿ ಕೂಡಿಟ್ಟಿದ್ದರು. ಇವಳು ಡ್ಯೂಟಿಗೆ ಬಂದವಳೇ ಅದನ್ನು ಚೆಲ್ಲಿ, ಕ್ಯಾನನ್ನು ತಿಕ್ಕಿ ತೊಳೆದು, ಫಳಫಳ ಹೊಳೆಯುವಂತೆ ಮಾಡಿ ಬಿಸಿಲಿಗೆ ಬೋರಲು ಹಾಕಿದಳು. ಯಾರು ಮಾಡಿದ್ದು ಎಂದು ವಾರ್ಡೆಲ್ಲ ಗದ್ದಲ. ವಾರ್ಡು ಗುಡಿಸುವ ಹೆಂಗಸಿನ ಮೇಲೆ ಬರುವುದರಲ್ಲಿತ್ತು. "ನಾನ ಚೆಲ್ಲೇನ್ರಿ ಮೇಡಮ್. ಹನ್ನೊಂದು ವರ್ಷದ ಚಟ, ಕೈ ಕೇಳಲಿಲ್ಲ" ಎಂದು ಎಲ್ಲರೆದುರು ಮುಂದೆ ಬಂದು ನಿಂತಳು. ಬೈಸಿಕೊಂಡಳು. ಆ ಮುದುಕ ರೋಗಿಯ ಹತ್ತಿರ ಹೋಗಿ ತನಗೆ ಬರುವಷ್ಟು ಕೊಂಕಣಿಯಲ್ಲಿ ಕ್ಷಮೆ ಕೇಳಿದಳು. ಅಂಥವಳು ತನ್ನ ತೋಳಿನ ವಿಷಯಕ್ಕೆ ಮಾತ್ರ ನನ್ನಿಂದ ಸುಳ್ಳು ಬರೆಸಿದಳು.

ಎರಡನೆಯ ವರ್ಷ ಅವಳು ಏನೆಂಬುದು ಎಲ್ಲರಿಗೂ ಗೊತ್ತಾಯಿತು. ಕಾಣಕೋಣದ ಕಡೆ ಕೂಲಿಗೆ ಬಂದಿದ್ದ ಯಾದಗಿರಿಯ ಮುದುಕನೊಬ್ಬ ವಾರ್ಡಿನಲ್ಲಿದ್ದ. ಊಟ ಬಿಟ್ಟಿದ್ದ. ಯಾರು ಏನು ಕೇಳಿದರೂ ತಲೆಯಾಡಿಸುತ್ತಿದ್ದ. ಕಸ್ತೂರಕ್ಕ ಸ್ಟೂಲು ಎಳೆದುಕೊಂಡು ಕೂತಳು. "ಯಪ್ಪಾ, ಎಲ್ಲಿ ನೂಸ್ತೈತಿ ಬಿಚ್ಚಿ ಹೇಳು. ನನ್ನ ಮುಂದ ಹೂಂ ಅಂದಿ ಅಂದ್ರ ಬೈತೇನಿ ನೋಡು ಮತ್ತ." ಮುದುಕ ಅವಳ ಮುಖ ನೋಡಿ ಕೂಸಿನ ಹಾಗೆ ಅತ್ತುಬಿಟ್ಟ. ಹಿಂದಿನ ದಿನದಿಂದ ಮೂತ್ರ ಕಟ್ಟಿತ್ತು. ಹೆಣ್ಣುಮಕ್ಕಳ ಮುಂದೆ ಕೈಸನ್ನೆ ಮಾಡಿ ತೋರಿಸಲು ನಾಚಿ ಸುಮ್ಮನಿದ್ದ. ಕೂಡಲೇ ಡಾಕ್ಟರು ಬಂದರು, ನಳಿಗೆ ಹಾಕಿದರು, ಅರ್ಧ ತಾಸಿನಲ್ಲಿ ಅವನು ಗಂಜಿ ಕೇಳಿದ. ಅಂದಿನಿಂದ ಕನ್ನಡದವರು ಯಾರೇ ಬರಲಿ, "ಕಸ್ತೂರಿಯನ್ನು ಕಳಿಸಿ" ಎಂದು ವಾರ್ಡುಗಳಿಂದ ಕರೆ. ಅವಳು ನಡೆದು ಹೋಗುವ ಠೀವಿಯನ್ನು ನೋಡಬೇಕಿತ್ತು! ನನಗೆ ನರ್ಸಿಂಗ್ ಮೇಲೆ ಮನಸ್ಸು ಕೂತದ್ದು ಪುಸ್ತಕದಿಂದಲ್ಲ, ಆ ಸ್ಟೂಲಿನ ಪಕ್ಕದಲ್ಲಿ ನಿಂತು.

ಅದೇ ವರ್ಷ ರಕ್ತದೊತ್ತಡದ ಪಾಠವೂ ಆಯಿತು. ಹಾಗೇ ಬಿಟ್ಟರೆ ಮೆದುಳಿನಲ್ಲಿ ರಕ್ತನಾಳ ಒಡೆಯಬಹುದೆಂದು ಮೇಡಮ್ ಬೋರ್ಡಿನ ಮೇಲೆ ಚಿತ್ರ ಬಿಡಿಸಿದರು. ನಾನು ಅವಳ ಕಡೆ ನೋಡಿದೆ. ಅವಳು ತಲೆ ಬಗ್ಗಿಸಿ ಆ ಚಿತ್ರವನ್ನು ನೀಟಾಗಿ ವಹಿಗೆ ಇಳಿಸಿಕೊಳ್ಳುತ್ತಿದ್ದಳು. ಹೊರಗೆ ಬಂದು ಜಗಳ ತೆಗೆದೆ. ಇವತ್ತೇ ಮೇಡಮ್‌ಗೆ ಹೇಳುತ್ತೇನೆ ಎಂದೆ.

"ಹೇಳು ಹೋಗು," ಅಂದಳು. "ನಾಳಿಂದ ಆ ಮುದುಕನಂಥಾವ್ರಿಗೆ ನೀನ ಕುಂತು ಕೇಳು." ಆಮೇಲೆ ದನಿ ಇಳಿಸಿ, "ಇನ್ನೊಂದ ವರ್ಷ ತಂಗಿ. ಕಡೀ ಪರೀಕ್ಷಾ ಮುಗದ ಮರುದಿವ್ಸ ನಾನ ಹೋಗಿ ನನ್ನ ಹೆಸರಿಲೆ ಚೀಟಿ ಮಾಡಸ್ತೇನಿ. ನಿನ್ನ ಆಣಿ" ಅಂದಳು.

ನಾಲ್ಕು ದಿನ ಮಾತು ಬಿಟ್ಟೆ. ಐದನೆಯ ದಿನ ಡಬ್ಬಿಯ ತುಂಬ ಶೇಂಗಾ ಚಟ್ನಿ ಹಾಕಿಕೊಂಡು ಬಂದು ಎದುರಿಗೆ ಕೂತಳು. ನನ್ನ ಸಿಟ್ಟು ಅಲ್ಲಿಗೆ ಮುಗಿಯಿತು. ಥೂ ನನ್ನ ನಾಲಿಗೆ.

ಎಲ್ಲ ಮುಗಿದು ಎಷ್ಟೋ ದಿನಗಳ ಮೇಲೆ, ನಾನು ಕೆಲಸಕ್ಕೆ ಸೇರಿದ ನಂತರ, ಫಿಲೋಮಿನಾ ಮೇಡಮ್‌ರನ್ನು ಬಾಯಿಬಿಟ್ಟು ಕೇಳಿದೆ, ಬಿಪಿ ಇದೆಯೆಂದು ಗೊತ್ತಾದರೆ ಶಾಲೆಯಿಂದ ತೆಗೆಯುತ್ತಿದ್ದಿರೇ ಎಂದು. "ಹುಚ್ಚೀ, ಅದಕ್ಕೆಲ್ಲ ಯಾರಾದರೂ ತೆಗೆಯುತ್ತಾರೆಯೇ? ಗುಳಿಗೆ ಶುರು ಮಾಡಿಸುತ್ತಿದ್ದೆ. ನಾನೇ ಹತ್ತು ವರ್ಷದಿಂದ ತಗೊಳ್ಳುತ್ತಿದ್ದೇನೆ" ಎಂದು ಪರ್ಸು ತೆಗೆದು ಗುಳಿಗೆಯ ಪಟ್ಟಿ ತೋರಿಸಿದರು. ಇಷ್ಟು ಕೇಳಲು ನಮಗೆ ಮೂರು ವರ್ಷದಲ್ಲಿ ಒಂದು ದಿನವೂ ಬಾಯಿ ಬರಲಿಲ್ಲ.

ಕೊನೆಯ ಪರೀಕ್ಷೆಗೆ ನಲವತ್ತು ದಿನ ಇತ್ತು. ಬೆಳಗಿನ ಡ್ಯೂಟಿ. ಇಬ್ಬರೂ ದಿಂಬಿನ ಕವರು ಬದಲಿಸುತ್ತಿದ್ದೆವು. "ತಲಿ ಒಡದಂಗ ಆಗಾಕತ್ತೈತಿ ತಂಗಿ" ಅಂದಳು. ನೀರು ತರಲು ತಿರುಗಿದೆ. ಹಿಂದೆ ಟ್ರಾಲಿಗೆ ಏನೋ ಬಡಿದ ಸದ್ದಾಯಿತು. ನೋಡಿದರೆ ಅವಳು ನೆಲದ ಮೇಲೆ ಕೂತಿದ್ದಳು, ಬಾಯಿ ಒಂದು ಕಡೆ ಎಳೆದಿತ್ತು. ಸಿಸ್ಟರುಗಳು ಓಡಿಬಂದರು. ಒಬ್ಬರು ಬಿಪಿ ನೋಡಿ ಗಟ್ಟಿಯಾಗಿ ಹೇಳಿದರು, ಇನ್ನೂರಾ ಮೂವತ್ತು. ಅಷ್ಟರಲ್ಲಿ ಬಂದ ಮೇಡಮ್, "ಇವಳದು ಯಾವಾಗಲೂ ನೂರಾ ಇಪ್ಪತ್ತು ಇರುತ್ತಿತ್ತಲ್ಲ!" ಅಂದರು. ನಾನು ದಿಂಬು ಹಿಡಿದುಕೊಂಡು ನಿಂತಿದ್ದೆ.

ಮೂರು ದಿನ ಐಸಿಯುವಿನಲ್ಲಿ ಇದ್ದಳು. ಎರಡನೆಯ ದಿನ ಮಧ್ಯಾಹ್ನ ನನ್ನನ್ನು ಒಳಗೆ ಬಿಟ್ಟರು. ಮುಖ ಊದಿತ್ತು, ಕೂದಲು ತೆಗೆದಿದ್ದರು. ಅಕ್ಕಾ, ಹೇಳಿಬಿಡತೇನಿ, ಎಲ್ಲಾ ಹೇಳಿಬಿಡತೇನಿ, ನೀ ಏಳು ಅಂದೆ. ಅವಳಿಗೆ ಅದು ಮುಟ್ಟುವ ಹಾಗಿರಲಿಲ್ಲ. ಮರುದಿನ ಬೆಳಿಗ್ಗೆ ಹತ್ತಕ್ಕೆ ಹೋದಳು.

ಕಾಗದಪತ್ರಕ್ಕೆ ಬಸವರಾಜಣ್ಣನ ಜೊತೆ ನಾನೇ ಹೋದೆ. ಕಿಟಕಿಯ ಆಚೆಯ ಕ್ಲಾರ್ಕು ಒಂದೊಂದೇ ಕೇಳುತ್ತ ಬರೆಯುತ್ತಿದ್ದ. ಉದ್ಯೋಗ ಏನು ಎಂದ. ಅಣ್ಣ ನನ್ನ ಮುಖ ನೋಡಿದ. "ವಿದ್ಯಾರ್ಥಿನಿ" ಅಂದೆ. ಕ್ಲಾರ್ಕು ಪೆನ್ನು ನಿಲ್ಲಿಸಿ, ಮೇಲೆ ಮೂವತ್ತೇಳು ಎಂದು ಬರೆಸಿದ್ದೀರಲ್ಲ, ವಯಸ್ಸು ಸರಿಯಾಗಿ ಹೇಳಿ ಎಂದು ಗದರಿದ. ಎರಡೂ ಸರಿ ಇದೆ, ಬರೆಯಿರಿ ಎಂದೆ.

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಊರಿನಿಂದ ಜನ ಬರುವುದು ಇನ್ನೂ ತಡವಿತ್ತು. ಅವನ ಅಂಗಿಯ ಮೇಲೆ ಬಂದರಿನ ಧೂಳು ಹಾಗೇ ಇತ್ತು, ಮೂರು ದಿನದ ಹಿಂದೆ ಕೆಲಸದಿಂದ ಓಡಿಬಂದವನು ಮನೆಗೇ ಹೋಗಿರಲಿಲ್ಲ. ಈಗ ಹೇಳಿಬಿಡಬೇಕು ಎಂದು ನಾನು ಬಾಯಿ ತೆರೆಯುವುದರೊಳಗೆ ಅವನೇ ಮಾತಾಡಿದ.

"ತಂಗಿ, ಒಂದ ಮಾತು ಕೇಳ್ತೇನಿ, ತಪ್ಪು ತಿಳೀಬ್ಯಾಡ. ನಿನ್ನ ವಹಿ ಆಕಿ ಮನಿಗೆ ತರತಿದ್ಲಲ್ಲ, ನನಗ ತೋರಸ್ತಿದ್ಲು. ನನಗೇನು ಓದಾಕ ಬರಾಂಗಿಲ್ಲ. 'ನೋಡ್ರಿ, ನಮ್ಮ ತಂಗಿ ವಾರಾವಾರ ನನ್ನ ಬಿಪಿ ನೋಡಿ ಬರೀತಾಳ, ಮೇಡಮ್‌ರ ಸಹಿನೂ ಐತಿ, ಎಲ್ಲಾ ಬರೋಬ್ಬರಿ ಐತಿ, ನೀವು ಚಿಂತಿ ಮಾಡಬ್ಯಾಡ್ರಿ' ಅಂತಿದ್ಲು. ನಾನೂ ನಿಶ್ಚಿಂತಿ ಇದ್ದೆ. ಮತ್ತ ಹಿಂಗ ಒಮ್ಮೆಲೆ ಹೆಂಗಾತವಾ?"

ಅವನು ನನ್ನನ್ನು ದೂರುತ್ತಿರಲಿಲ್ಲ. ಓದಿದವಳು, ತಿಳಿದವಳು ಎಂದು ಕೇಳುತ್ತಿದ್ದ.

"ಗೊತ್ತಿಲ್ರಿ ಅಣ್ಣಾ" ಅಂದೆ.