ಎರಡು ಕಾರ್ಡು, ಒಂದೇ ಟಿಕೆಟ್ಟು

ಲ್ಯಾಬಿನಲ್ಲಿ ಎಲ್ಲರೂ ಅವರನ್ನು ಹಲ್ಲಿನ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಪಿಂಗಾಣಿ ಹಲ್ಲು ಮಾಡುವುದೇ ಅವರ ಕಸುಬು. ದಂತವೈದ್ಯರು ಕಳಿಸಿದ ಅಚ್ಚಿನ ಮೇಲೆ ಪಿಂಗಾಣಿ ಪುಡಿಯನ್ನು ಕುಂಚದಲ್ಲಿ ಪದರ ಪದರವಾಗಿ ಹಚ್ಚಿ, ಸುಟ್ಟು, ಉಜ್ಜಿ, ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದಿಸುವುದರಲ್ಲಿ ಅವರದು ಎತ್ತಿದ ಕೈ. ಬಿಳಿಯಲ್ಲೇ ಹದಿನಾರು ಬಗೆ ಗುರುತಿಸುವ ಆ ಕಣ್ಣಿಗೆ ಹೆಂಡತಿಯ ಮುಖದಲ್ಲಿ ಹೊಸದಾಗಿ ಬಂದ ಕಳೆ ಕಾಣದೆ ಇರುತ್ತದೆಯೇ?

ಆಕೆಗೆ ಒಂದು ಸರಕು ಸಾಗಣೆ ಕಚೇರಿಯಲ್ಲಿ ಕೆಲಸ. ಪಕ್ಕದ ಮೇಜಿಗೆ ಹೊಸದಾಗಿ ಬಂದವನೊಬ್ಬ ಕ್ರೆಡಿಟ್ ಕಾರ್ಡಿನ ಪಾಯಿಂಟುಗಳಲ್ಲೇ ಅರ್ಧ ಪ್ರಪಂಚ ಸುತ್ತಿದ್ದನಂತೆ. ವಿಮಾನದವರು ಪಾಯಿಂಟುಗಳನ್ನು ಮೈಲಿ ಲೆಕ್ಕದಲ್ಲಿ ಕೊಡುವುದರಿಂದ ಕಚೇರಿಯವರು ಅವನಿಗೆ ಮೈಲಿ ಸಾರ್ ಎಂದು ಹೆಸರಿಟ್ಟಿದ್ದರು. ಆಕೆಯ ಅಕ್ಕ ಇರುವುದು ಸಮುದ್ರದಾಚೆ. ಅಕ್ಕತಂಗಿಯರು ಎದುರುಬದುರು ಕೂತು ಒಂಬತ್ತು ವರ್ಷ ಆಗಿತ್ತು. ಇದನ್ನು ಕೇಳಿದ ಮೈಲಿ ಸಾರ್ ಒಂದು ಹಾಳೆ ತೆಗೆದು ಆಕೆಗೆ ದಾರಿ ಬರೆದುಕೊಟ್ಟ.

ಆ ಸಂಜೆ ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ರೀ, ಇಲ್ಕೇಳಿ. ಮೊದ್ಲು ನಾನೊಂದು ಕಾರ್ಡ್ ತಗೋತೀನಿ. ಮನೆ ಖರ್ಚೆಲ್ಲಾ ಮೂರು ತಿಂಗಳು ಅದರಲ್ಲೇ ಮಾಡೋಣ. ಗುರಿ ಮುಟ್ಟಿದ್ರೆ ಸ್ವಾಗತದ ಪಾಯಿಂಟ್ ಬರುತ್ತೆ. ಆಮೇಲೆ ನಿಮಗೆ ಲಿಂಕ್ ಕಳಿಸ್ತೀನಿ, ಅದೇ ಬ್ಯಾಂಕಲ್ಲಿ ನೀವೂ ತಗೊಳ್ಳಿ. ಸೇರಿಸಿದ್ದಕ್ಕೆ ನನಗೆ ಪಾಯಿಂಟ್, ಸೇರಿದ್ದಕ್ಕೆ ನಿಮಗೆ ಪಾಯಿಂಟ್. ಎರಡನ್ನೂ ವಿಮಾನದವರ ಹತ್ರ ಒಂದೇ ಕುಟುಂಬದ ಖಾತೆಗೆ ಸುರಿದ್ರೆ ಇಬ್ರಿಗೂ ಟಿಕೆಟ್!"

"ನಿನ್ನ ಕಾರ್ಡಿಗೇ ನನ್ನ ಹೆಸರು ಸೇರಿಸಿದ್ರೆ ಆಯ್ತಪ್ಪ."

"ಆಗ ನಿಮ್ಮ ಪಾಲಿನ ಸ್ವಾಗತದ ಪಾಯಿಂಟ್ ಕೈ ಬಿಟ್ಟು ಹೋಗುತ್ತಲ್ಲಾ. ಮೈಲಿ ಸಾರ್ ಬಿಡಿಸಿ ಬಿಡಿಸಿ ಹೇಳಿದ್ರು."

ಅಲ್ಲಿಂದ ಮುಂದೆ ಮನೆಯಲ್ಲಿ ಮಾತೆತ್ತಿದರೆ ಮೈಲಿ ಸಾರ್. ಪೆಟ್ರೋಲ್ ಯಾವ ಕಾರ್ಡಲ್ಲಿ ಹಾಕಿಸಬೇಕು ಎಂಬುದಕ್ಕೂ ಅವನ ಮಾತೇ ವೇದವಾಕ್ಯ. ಫೋನಿಗೆ ಅವನ ಸಂದೇಶ ಬಂದು ಆಕೆ ನಕ್ಕಾಗಲೆಲ್ಲ ಮೇಷ್ಟ್ರ ಹೊಟ್ಟೆಯಲ್ಲಿ ಕಿಡಿ ಬಿದ್ದಂತಾಗುತ್ತಿತ್ತು. ಹದಿನೈದು ವರ್ಷದ ಸಂಸಾರದಲ್ಲಿ ತಾವು ಹೇಳಿದ ಒಂದು ಜೋಕಿಗಾದರೂ ಇವಳು ಹೀಗೆ ನಕ್ಕಿದ್ದಳೇ? ಕಚೇರಿಯ ಗುಂಪು ಫೋಟೋವನ್ನು ಅವರು ಆಕೆಯ ಫೋನಿನಲ್ಲಿ ಕದ್ದು ನೋಡಿದರು. ಮೈಲಿ ಸಾರ್‌ನ ಹಲ್ಲುಸಾಲು ದಾಳಿಂಬೆ ಬಿಡಿಸಿಟ್ಟಂತಿತ್ತು. ಅದು ಇನ್ನಷ್ಟು ಉರಿಸಿತು.

"ಈ ಮನೇಲಿ ಸಾರಿಗೆ ಉಪ್ಪು ಹಾಕೋಕೂ ಅವನನ್ನೇ ಕೇಳ್ಬೇಕೇನು?" ಎಂದರು ಒಂದು ದಿನ.

"ಕೇಳಿದ್ರೆ ತಪ್ಪೇನು, ಉಪ್ಪಿಗೂ ಪಾಯಿಂಟ್ ಬರುತ್ತೆ," ಎಂದು ಆಕೆ ನಕ್ಕುಬಿಟ್ಟಳು.

ಆಕೆ ಲಿಂಕ್ ಕಳಿಸಿದಳು. ಮೇಷ್ಟ್ರು ಅದನ್ನು ಒತ್ತಲಿಲ್ಲ. ಕೇಳಿದರೆ "ಮಾಡ್ತೀನಿ, ಮಾಡ್ತೀನಿ" ಎನ್ನುತ್ತಿದ್ದರು. ಹಾಗಿರುವಾಗ ಫ್ರಿಜ್ ಕೊಳ್ಳಲು ಹೋದ ಅಂಗಡಿಯಲ್ಲಿ ಟೈ ಕಟ್ಟಿದ ಹುಡುಗಿಯೊಬ್ಬಳು ಬೇರೊಂದು ಬ್ಯಾಂಕಿನ ಕಾರ್ಡು ಮಾರುತ್ತಿದ್ದಳು. "ಇದರಲ್ಲೂ ವಿಮಾನದ ಪಾಯಿಂಟ್ ಬರುತ್ತೆ ಸಾರ್," ಎಂದಳು. ಆ ಮೈಲಿ ಸಾರ್ ಸಹಾಯವಿಲ್ಲದೆ ನಾನೇ ಹೆಂಡತಿಯನ್ನು ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂಬ ಹಟ ಮೇಷ್ಟ್ರಿಗೆ. ಹಿಂದೆ ಮುಂದೆ ನೋಡದೆ ಸಹಿ ಹಾಕಿದರು. ಕಾರ್ಡು ಕೈಗೆ ಬಂದ ಮೇಲೆ ಫ್ರಿಜ್ಜು, ವರ್ಷದ ವಿಮೆ, ಮನೆಯ ಪೇಂಟಿಂಗು ಎಲ್ಲವನ್ನೂ ಗುಟ್ಟಾಗಿ ಅದರಲ್ಲೇ ಕಟ್ಟಿ, ಹೆಂಡತಿ ಕೇಳಿದರೆ ನಗದು ಕೊಟ್ಟೆ ಎಂದರು.

ಒಂದು ಭಾನುವಾರ ಬೆಳಿಗ್ಗೆ ಆಕೆ ಟಿಕೆಟ್ ಮಾಡಲು ಕೂತಾಗ ಗುಟ್ಟು ರಟ್ಟಾಯಿತು. ದೊಡ್ಡ ಖರ್ಚುಗಳು ತಪ್ಪಿಹೋದದ್ದರಿಂದ ಆಕೆ ಮೂರು ತಿಂಗಳ ಗುರಿಯನ್ನು ಹೇಗೋ ಏದುಸಿರು ಬಿಡುತ್ತಾ ಮುಟ್ಟಿದ್ದಳು. ಸೇರಿದ ಪಾಯಿಂಟುಗಳಿಗೆ ಬರುತ್ತಿದ್ದುದು ಒಂದೇ ಟಿಕೆಟ್ಟು. ಮೇಷ್ಟ್ರು ಎದೆಯುಬ್ಬಿಸಿ ತಮ್ಮ ಕಾರ್ಡನ್ನು ಮೇಜಿನ ಮೇಲಿಟ್ಟರು. ಆಕೆ ಅದನ್ನು ತಿರುಗಿಸಿ, ಮೇಲಿದ್ದ ವಿಮಾನ ಕಂಪನಿಯ ಹೆಸರು ಓದಿದಳು.

"ಈ ಕಂಪನಿ ವಿಮಾನ ಅಕ್ಕನ ಊರಿಗೆ ಹೋಗೋದೇ ಇಲ್ವಲ್ರೀ. ಇದರ ಪಾಯಿಂಟ್ ನನ್ನದರ ಜೊತೆ ಸೇರೋದೂ ಇಲ್ಲ. ಯಾರು ಹೇಳಿದ್ರು ಇದನ್ನ ತಗೊಳ್ಳೋಕೆ?"

ಮೇಷ್ಟ್ರು ಕಾರ್ಡನ್ನು ವಾಪಸು ಪಡೆದು ಜೇಬಿಗೆ ಸೇರಿಸಿದರು. ಆಕೆ ಕೂಗಾಡಲಿಲ್ಲ. ತನ್ನೊಬ್ಬಳ ಹೆಸರಿಗೆ ಟಿಕೆಟ್ ಮಾಡಿ ಎದ್ದು ಹೋದಳು.

ಅದೇ ವಾರ ಮೈಲಿ ಸಾರ್ ಕಚೇರಿಯ ಗಾಜಿನ ಬಾಗಿಲಿಗೆ ಮುಖ ಗುದ್ದಿಕೊಂಡು ಮುಂದಿನ ಹಲ್ಲು ಮುರಿದುಕೊಂಡ. ಆ ಹಲ್ಲಿನ ಅಚ್ಚು ಬಂದು ಬಿದ್ದದ್ದು ಮೇಷ್ಟ್ರ ಮೇಜಿಗೇ. ಜೊತೆಗಿದ್ದ ಫೋಟೋ ನೋಡಿದ ಕೂಡಲೇ ಗುರುತು ಹತ್ತಿತು. ಜೀವಮಾನದಲ್ಲಿ ಮಾಡದ ಕೆಲಸವನ್ನು ಮೇಷ್ಟ್ರು ಅಂದು ಮಾಡಿದರು. ಬೇಕೆಂದೇ ಒಂದು ಛಾಯೆ ಹಳದಿ ಹೆಚ್ಚಿಸಿದರು.

ಹಲ್ಲು ಎರಡೇ ದಿನಕ್ಕೆ ವಾಪಸು ಬಂತು.

"ಏನಯ್ಯಾ, ನಿನ್ನ ಕಣ್ಣಿಗೆ ಏನಾಯ್ತು?" ಎಂದ ಲ್ಯಾಬಿನ ಯಜಮಾನ. "ಹೋಗು, ನೀನೇ ಕ್ಲಿನಿಕ್ಕಿಗೆ ಹೋಗಿ ಬಣ್ಣ ನೋಡ್ಕೊಂಡು ಬಾ."

ಕುರ್ಚಿಯಲ್ಲಿ ಒರಗಿದ್ದ ಮೈಲಿ ಸಾರ್ ಫೋಟೋದಲ್ಲಿದ್ದಷ್ಟು ಚೆಲುವನಾಗಿರಲಿಲ್ಲ. ಕಣ್ಣ ಕೆಳಗೆ ಕಪ್ಪು, ಕಾಲರು ಸವೆದ ಅಂಗಿ. ಎದುರಿಗೆ ನಿಂತವರು ಯಾರ ಗಂಡ ಎಂದು ಅವನಿಗೆ ಗೊತ್ತಿರಲಿಲ್ಲ, ಮೇಷ್ಟ್ರೂ ಹೇಳಲಿಲ್ಲ. ಬಣ್ಣದ ಮಾದರಿಗಳನ್ನು ಒಂದೊಂದಾಗಿ ಅವನ ಹಲ್ಲಿನ ಪಕ್ಕ ಹಿಡಿಯುತ್ತಾ, "ತುಂಬಾ ತಿರುಗಾಟ ಇರ್ಬೇಕು ನಿಮ್ಗೆ?" ಎಂದು ಕೆದಕಿದರು.

"ಮುಂಚೆ ಹೆಂಡ್ತಿ ಜೊತೆ. ಇಬ್ರೂ ಕೂಡಿಸಿ ಕೂಡಿಸಿ ಹೋಗ್ತಿದ್ವಿ. ಖಾತೆ ಅವಳ ಹೆಸರಲ್ಲಿತ್ತು. ಬಿಟ್ಟು ಹೋದಾಗ ಪಾಯಿಂಟೂ ಅವಳ ಜೊತೆ ಹೋಯ್ತು," ಎಂದು ನಗಲು ಹೋದವನು ಮುರಿದ ಹಲ್ಲಿಗೆ ಕೈ ಅಡ್ಡ ಹಿಡಿದ.

ಅಯ್ಯೋ ಪಾಪ ಅನ್ನಿಸಬೇಕಾದ ಜಾಗದಲ್ಲಿ ಮೇಷ್ಟ್ರಿಗೆ ಅನ್ನಿಸಿದ್ದೇ ಬೇರೆ. ಇವನಿಗೆ ಹೆಂಡತಿಯೂ ಇಲ್ಲ! ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಆದರೂ ಲ್ಯಾಬಿಗೆ ಮರಳಿ ಕುಂಚ ಹಿಡಿದಾಗ ಕೈ ಸುಳ್ಳು ಹೇಳಲಿಲ್ಲ. ಯಜಮಾನನ ಮುಂದೆ ತಲೆ ತಗ್ಗಿಸಿದ ಅವಮಾನವೂ ಇತ್ತಲ್ಲ. ಇಪ್ಪತ್ತೆರಡು ವರ್ಷದಲ್ಲೇ ಅತ್ಯುತ್ತಮ ಹಲ್ಲನ್ನು ಅವರು ಆ ಮನುಷ್ಯನಿಗೇ ಮಾಡಿಕೊಟ್ಟರು. ಅದು ದಿನವೂ ತಮ್ಮ ಹೆಂಡತಿಯ ಪಕ್ಕದ ಮೇಜಿನಲ್ಲಿ ಕೂತು ನಗುತ್ತದಲ್ಲ ಎಂಬ ಯೋಚನೆ ಅವರನ್ನು ಬಹಳ ದಿನ ಕಾಡಿತು.

ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಹೆಂಡತಿಯೇ ಕೇಳಿದಳು: "ಮೈಲಿ ಸಾರ್ ಹಲ್ಲು ಮೊದ್ಲು ಹಳದಿ ಬಂದಿತ್ತಂತೆ. ನಿಮ್ಮ ಲ್ಯಾಬಿಂದೇ ಅಂತೆ?"

ಮೇಷ್ಟ್ರು ರಸ್ತೆ ನೋಡುತ್ತಲೇ ಎಲ್ಲವನ್ನೂ ಒಪ್ಪಿಕೊಂಡರು. ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಕ್ಕನ್ನ ನೋಡಿ ಒಂಬತ್ತು ವರ್ಷ ಆಯ್ತು ರೀ. ನೀವು ಪಕ್ಕದಲ್ಲಿ ಇರ್ಲಿ ಅಂತ ಇಷ್ಟೆಲ್ಲಾ ಮಾಡಿದ್ದು. ಮೈಲಿ ಸಾರ್ ಜೊತೆ ಹೋಗೋಕಲ್ಲ."

ಆಕೆ ಒಳಗೆ ಹೋದ ಮೇಲೆ ಮೇಷ್ಟ್ರು ಕಾರಿನಲ್ಲೇ ಕೂತು ಆ ಹಳೆಯ ಲಿಂಕ್ ಒತ್ತಿದರು. ಅದರ ಅವಧಿ ಮುಗಿದಿತ್ತು. ಕೂಡಲೇ ಫೋನ್ ಮಾಡಿ ಹೊಸದು ಕೇಳಿದರು.

"ನಾನು ಬರೋವರೆಗೂ ಏನೂ ಒತ್ತಬೇಡಿ," ಎಂದಳು ಆಕೆ. "ಜೊತೇಲಿ ಕೂತು ಮಾಡೋಣ."

ಮೂರು ವಾರದ ನಂತರ ಹಾಗೆಯೇ ಮಾಡಿದರು. ಯಾವ ತಿಂಗಳು ಯಾರ ಕಾರ್ಡು ಎಂದು ಚೀಟಿ ಬರೆದು ಹೊಸ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಮರುವರ್ಷ ಇಬ್ಬರಿಗೂ ಟಿಕೆಟ್ಟು ಆಯಿತು. ಮರಳಿ ಬರುವ ದಿನ, ಅಕ್ಕನ ಊರಿನ ಅಂಗಡಿಯೊಂದರಲ್ಲಿ ಆಕೆ, "ಮೈಲಿ ಸಾರ್‌ಗೂ ಏನಾದ್ರೂ ತಗೊಳ್ಳೋಣ್ವಾ?" ಎಂದು ಮೆಲ್ಲಗೆ ಕೇಳಿದಳು.

ಮೇಷ್ಟ್ರು ಅಂಗಡಿಯ ಬುಟ್ಟಿಯನ್ನು ತಾವೇ ಕೈಗೆತ್ತಿಕೊಂಡರು.

"ತಗೊಳ್ಳೋಣ. ಆದ್ರೆ ಆರಿಸೋದು ನಾನು."