ಮೊಟಕಾಗುತ್ತ ಬಂದ ಹಲಗೆ

ಬಡಗಿಯಾಗಿದ್ದ ಅಪ್ಪ ಇಮ್ಕೆಯ ಮದುವೆಗೆ ಬೀಚ್ ಎಂಬ ಗಟ್ಟಿ ಮರದ ಅಡುಗೆಕಟ್ಟೆ ಮಾಡಿಕೊಟ್ಟಿದ್ದ. ಒಂದೇ ಹಲಗೆ, ಮೂರೂವರೆ ಮೀಟರ್. ಒಂದು ತುದಿಯಲ್ಲಿ ಹಿಟ್ಟು ನಾದಿ, ಇನ್ನೊಂದು ತುದಿಯಲ್ಲಿ ಆಲೂಗಡ್ಡೆ ಹೆಚ್ಚಬಹುದಿತ್ತು.

ಗಂಡ ಯೋಹೆನ್ ಎರಡನೇ ದರ್ಜೆಯ ಫುಟ್‌ಬಾಲ್ ಲೀಗಿನಲ್ಲಿ ಮಿಡ್‌ಫೀಲ್ಡರ್. ಎದುರಾಳಿಯ ಕಾಲಿನಿಂದ ಚೆಂಡು ಕಸಿದು ಪಕ್ಕದವನಿಗೆ ದಾಟಿಸುವುದು ಅವನ ಕೆಲಸ. ಹನ್ನೊಂದು ವರ್ಷ, ಇನ್ನೂರ ನಲವತ್ತು ಪಂದ್ಯ, ನಾಲ್ಕು ಗೋಲು. ಪತ್ರಿಕೆಯಲ್ಲಿ ಅವನ ಹೆಸರು ಬರುತ್ತಿದ್ದದ್ದು ಹಳದಿ ಕಾರ್ಡ್ ಪಡೆದವರ ಸಾಲಿನಲ್ಲಿ.

ಎರಡು ಮೂರು ವರ್ಷಕ್ಕೊಮ್ಮೆ ಕ್ಲಬ್ ಬದಲಾಗುತ್ತಿತ್ತು. ತರಬೇತಿ ಶುರುವಾಯಿತೆಂದು ಅವನು ಬೂಟಿನ ಚೀಲ ಹೆಗಲಿಗೇರಿಸಿ ಮೊದಲೇ ಹೊರಡುತ್ತಿದ್ದ. ಇಮ್ಕೆ ಉಳಿದು ಅಡುಗೆಮನೆ ಕಳಚುತ್ತಿದ್ದಳು. ಆ ದೇಶದ ಪದ್ಧತಿಯಂತೆ ಬಾಡಿಗೆ ಮನೆ ಬಿಡುವಾಗ ಒಲೆ, ಸಿಂಕು, ಕಪಾಟು, ಕಟ್ಟೆ ಎಲ್ಲ ಬಿಚ್ಚಿಕೊಂಡೇ ಹೋಗಬೇಕು. ಹೊಸ ಮನೆಯಲ್ಲಿ ಇರುವುದು ಬರೀ ಗೋಡೆ, ಕೊಳವೆಯ ಬಾಯಿ. ಕಾಸೆಲ್ ಊರಿನ ಮನೆಯ ಗೋಡೆ ಚಿಕ್ಕದೆಂದು ಹಲಗೆಯನ್ನು ಅರ್ಧ ಮೀಟರ್ ಕೊಯ್ದರು. ಕೆಮ್ನಿಟ್ಸ್‌ನಲ್ಲಿ ಇನ್ನಷ್ಟು. ಉಲ್ಮ್‌ಗೆ ಬರುವ ಹೊತ್ತಿಗೆ ಉಳಿದದ್ದು ಒಂದು ಮೀಟರ್ ಎಂಬತ್ತು. ಹಲ್ಲಿನ ಡಾಕ್ಟರರ ಸಹಾಯಕಿಯಾಗಿದ್ದ ಇಮ್ಕೆ ಊರೂರಲ್ಲಿ ಬಿಟ್ಟುಬಂದ ಕೆಲಸಗಳನ್ನು ಮಾತ್ರ ಯಾರೂ ಅಳೆದಿರಲಿಲ್ಲ. ಗೆಳತಿಯೊಬ್ಬಳು ಕಾಫಿಗೆ ಕರೆಯುವಷ್ಟು ಹತ್ತಿರವಾಗುವಾಗ ಸ್ಕ್ರೂ ಬಿಚ್ಚುವ ಹೊತ್ತಾಗಿರುತ್ತಿತ್ತು.

ಮೇ ತಿಂಗಳಲ್ಲಿ ಯೋಹೆನ್ ಹೊಸ ಕ್ಲಬ್ಬಿನ ಊರಾದ ಕಾಟ್‌ಬುಸ್‌ಗೆ ಹೋಗಿ ಅಳತೆ ಬರೆದ ಒಂದು ಚೀಟಿ ಹಿಡಿದು ಬಂದ.

"ಇಮ್ಕೆ, ಮನೆ ಸಿಕ್ತು ಕಣೇ! ಬಾಲ್ಕನಿ ಬೇರೆ ಇದೆ. ಅಡುಗೆಮನೆ ಗೋಡೆ ಒಂದು ಮೀಟರ್ ನಲವತ್ತು. ಗರಗಸ ಎಲ್ಲಿಟ್ಟಿದೀಯ?"

"ನನ್ನ ಕೇಳೋಕೆ ಮುಂಚೆ ಗೋಡೆ ಅಳ್ಕೊಂಡು ಬಂದ್ಯಾ?"

"ಒಂದೇ ವರ್ಷ. ಇದೇ ಕೊನೇದು. ಮೂವತ್ನಾಲ್ಕಾಯ್ತು, ಇನ್ಯಾರು ಕರೀತಾರೆ ನನ್ನ?"

"ಹೋದ ಸಲಾನೂ ಕೊನೇದೇ ಆಗಿತ್ತು."

"ಹಲ್ಲಿನ ಡಾಕ್ಟ್ರು ಅಲ್ಲೂ ಇರ್ತಾರೆ ಬಿಡು."

"ಇರ್ತಾರೆ. ನಾನು ಮತ್ತೆ ಹೊಸಬಳಾಗಿ, ಅವರ ಇಕ್ಕಳ ತೊಳೆಯೋದ್ರಿಂದ ಶುರು ಮಾಡ್ಬೇಕು. ಇಲ್ಲಿ ಜುಲೈಗೆ ನನ್ನ ಕೆಲಸ ಖಾಯಂ ಆಗತ್ತೆ, ಯೋಹೆನ್. ನಾನು ಬರಲ್ಲ. ಹಲಗೇನೂ ಬರಲ್ಲ."

ತಮಾಷೆಯೆಂದುಕೊಂಡು ಅವನು ನಕ್ಕ. "ಹಾಗಾದ್ರೆ ಅಲ್ಲಿ ನನ್ನ ಊಟ?"

"ಸಂಜೆ ಬ್ರೆಡ್ಡು, ಚೀಸು. ದೇಶ ಪೂರ್ತಿ ಅದನ್ನೇ ತಿನ್ನತ್ತೆ. ಅದಕ್ಕೆ ಚಾಕು ಸಾಕು, ಹೆಂಡ್ತಿ ಬೇಡ."

ಅವನು ಟೇಪು ಹಿಡಿದು ಹಲಗೆಯನ್ನು ಅಳೆದ. ಮತ್ತೊಮ್ಮೆ ಅಳೆದ. "ಇದು ಇಷ್ಟು ಚಿಕ್ಕದಿತ್ತಾ?"



ಜೂನ್ ಕೊನೆಗೆ ಅವನೊಬ್ಬನೇ ಹೋದ. ಉಲ್ಮ್‌ನ ಗೋಡೆ ಹಲಗೆಗಿಂತ ಉದ್ದ. ಕಿಟಕಿಯ ಬಳಿ ಒಂದು ಮೊಳಕ್ಕಿಂತ ತುಸು ಹೆಚ್ಚು ಜಾಗ ಖಾಲಿ. ಅಲ್ಲಿದ್ದ ಕಸದ ಡಬ್ಬಿ ಸರಿಸಿ ಇಮ್ಕೆ ಒಂದು ಕುರ್ಚಿ ಹಾಕಿದಳು. ಕೆಲಸದಿಂದ ಬಂದವಳು ಅಲ್ಲೇ ಕೂತು ತಿನ್ನುತ್ತಿದ್ದಳು. ಎದುರಿಗೆ ಇನ್ನೊಂದು ಕುರ್ಚಿ ಹಿಡಿಯುತ್ತಿರಲಿಲ್ಲ.

ಆಗಸ್ಟಿನ ಒಂದು ಶನಿವಾರ ಸಂಜೆ ಯೋಹೆನ್‌ನ ಫೋನು ಬಂತು.

"ಇವತ್ತು ಗೋಲು ಬಂದದ್ದು ನನ್ನ ಪಾಸಿಂದ, ಗೊತ್ತಾ?"

"ರೇಡಿಯೋದಲ್ಲಿ ಕೇಳ್ದೆ. ಹೊಡೆದವನ ಹೆಸರು ಹೇಳಿದ್ರು."

"ಅವನದ್ದೇ ಹೇಳ್ತಾರೆ."

"ನಂಗೊತ್ತು." ಅವನ ಹಿಂದೆ ನೀರಿನ ಸದ್ದು ಅವಳಿಗೆ ಕೇಳಿಸಿತು. "ಏನ್ ಮಾಡ್ತಿದೀಯ?"

"ಬಚ್ಚಲ ಬೇಸಿನ್‌ನಲ್ಲಿ ಲೋಟ ತೊಳೀತಿದೀನಿ. ಅಡುಗೆಮನೇಲಿ ಬರೀ ಗೋಡೆ."

ಬರುತ್ತೇನೆ ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂತು. ಅಂಗೈಯನ್ನು ಹಲಗೆಯ ಕೊಯ್ದ ಅಂಚಿನ ಮೇಲಿಟ್ಟಳು.

"ಲೋಟದ ತಳಾನೂ ಉಜ್ಜು," ಎಂದಳು. "ಕಾಫಿ ಕಲೆ ಹಿಡಿಯತ್ತೆ."