ತಾರಸಿ ನೋಡಿ ಆರಿಸಿದ ಪಾಲುದಾರಳು

ಗವಿಪುರದಲ್ಲಿ ನಾವಿದ್ದ ಬಾಡಿಗೆ ಮನೆಗೆ ಬಿಸಿಲೇ ಬೀಳುತ್ತಿರಲಿಲ್ಲ. ಎದುರು ಮನೆಯಾಕೆಗೆ ದೊಡ್ಡ ತಾರಸಿ ಇತ್ತು. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಅರಳು ಸಂಡಿಗೆ ಮಾಡಿ ಮಾರೋಣವೆಂದು ನಾನು ಆಕೆಯನ್ನು ಪಾಲುದಾರಳಾಗಿ ಆರಿಸಿಕೊಂಡದ್ದು ಇಷ್ಟಕ್ಕೇ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಆಕೆ ಎಂಥವಳೆಂದು ನನಗೆ ಗೊತ್ತಿರಲಿಲ್ಲವೇ? ಆರು ವರ್ಷ ಕಿಟಕಿಯಿಂದ ನೋಡಿದ್ದೆ. ಹನಿ ಬಿದ್ದ ಮೇಲೆ ಬಟ್ಟೆ ತೆಗೆಯಲು ಓಡುವವಳು, ಹಾಲು ಉಕ್ಕಿದ ಮೇಲೆ ಒಲೆ ಆರಿಸುವವಳು. ಎಲ್ಲದಕ್ಕೂ "ಏನಾಗಲ್ಲ ಬಿಡ್ರೀ" ಅನ್ನುವವಳು. ಪಕ್ಕದಲ್ಲಿ ಕೂತು ಹೂ ಕಟ್ಟುವಾಗ ಆ ಮಾತು ಹಿತವಾಗಿಯೇ ಇತ್ತು.

ಬೂದುಗುಂಬಳ ತುರಿದು, ಮೆಣಸಿನಕಾಯಿ ರುಬ್ಬಿ, ಅರಳು ಕಲಸಿ ಸಂಡಿಗೆ ಇಡುವುದು ನನ್ನ ಕೆಲಸ. ಒಣಗಿಸಿ ಪ್ಯಾಕೆಟ್ ಕಟ್ಟುವುದು ಆಕೆಯದು. ಈ ಸಂಡಿಗೆ ಮೋಸದ್ದು. ಮೇಲೆ ಗರಿಗರಿಯಾದರೂ ಒಳಗೆ ಕುಂಬಳದ ಪಸೆ ಉಳಿದಿರುತ್ತದೆ. ಪ್ರತಿ ಚಾಪೆಯಿಂದ ಒಂದನ್ನು ಮುರಿದು ನೋಡಿ ಎಂದು ಎಷ್ಟು ಸಲ ಹೇಳಿದ್ದೆನೋ.

ಗಾಂಧಿ ಬಜಾರಿನ ಅಂಗಡಿಯೊಂದರ ಮುಂದಿನ ಕಪಾಟಿನಲ್ಲಿ ನಮಗೆ ಜಾಗ ಸಿಕ್ಕಿತ್ತು. ಅದಕ್ಕಾಗಿ ನಾನು ನಾಲ್ಕು ಸಲ ಮಾದರಿ ಹಿಡಿದು ಅಲೆದಿದ್ದೆ. ಯುಗಾದಿ ಕಳೆದು ಹತ್ತು ದಿನಕ್ಕೆ ಅಂಗಡಿಯವರು ಹೇಳಿಕಳಿಸಿದರು. ಹೋದರೆ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ನಮ್ಮ ಪ್ಯಾಕೆಟ್ಟುಗಳು, ಒಳಗೆಲ್ಲ ಹಸಿರು ಬೂಷ್ಟು.

"ಏನಮ್ಮಾ ಇದು? ಗಿರಾಕಿಗಳು ಮುಖಕ್ಕೆ ಎಸೆದು ಹೋಗ್ತಿದಾರೆ."

ನೇರವಾಗಿ ಆಕೆಯ ಮನೆಗೆ ನುಗ್ಗಿದೆ.

"ಮುರಿದು ನೋಡಿದ್ರಾ?"

"ಎರಡು ದಿನ ಮೋಡ ಇತ್ತಲ್ರೀ. ಹಬ್ಬಕ್ಕೆ ಮುಂಚೆ ಕೊಡ್ಬೇಕಿತ್ತು, ಕಟ್ಬಿಟ್ಟೆ."

"ನನಗೊಂದು ಮಾತು ಹೇಳಕ್ಕೇನಾಗಿತ್ತು? ರಸ್ತೆ ದಾಟಿದ್ರೆ ನಮ್ಮನೆ!"

"ಸಂಡಿಗೆಗೆ ಇಷ್ಟು ಕೂಗಾಡ್ತಾರೇನ್ರೀ? ಕೂತ್ಕೊಳ್ಳಿ, ಕಾಫಿ ಕುಡೀರಿ. ಅಂಗಡಿಯವರು ಬೆಳಿಗ್ಗೆ ಫೋನ್ ಮಾಡಿದಾಗ ನಾನೇ ಸಮಾಧಾನ ಹೇಳಿದೀನಿ, ಕಲಸುವಾಗ ನೀರು ಜಾಸ್ತಿ ಆಗಿತ್ತೇನೋ ಅಂತ."

ಕಲಸಿದವಳು ನಾನು! ಮುಲಾಜಿಲ್ಲದೆ ತಪ್ಪನ್ನು ನನ್ನ ತಲೆಗೆ ಕಟ್ಟಿ, ನನಗೇ ಕಾಫಿ ಬೆರೆಸುತ್ತಿದ್ದಳು. ಲೋಟ ಮುಟ್ಟದೆ ಎದ್ದು ಬಂದೆ.

ಮಧ್ಯಾಹ್ನವೇ ಮತ್ತೆ ಅಂಗಡಿಗೆ ಹೋಗಿ, ತಪ್ಪು ಒಣಗಿಸಿದ್ದರಲ್ಲಿ, ಇನ್ನು ಮೇಲೆ ನಾನೊಬ್ಬಳೇ ಮಾಡುತ್ತೇನೆ ಎಂದೆ. ಅವರು ತಲೆ ಎತ್ತಲಿಲ್ಲ.

"ಕಲಸಿದ್ಯಾರು, ಒಣಗಿಸಿದ್ಯಾರು ಅಂತ ಗಿರಾಕಿಗೆ ಹೇಳ್ಕೊಂಡು ಕೂರಕ್ಕಾಗತ್ತೇನಮ್ಮಾ? ಪಾಲುದಾರರನ್ನ ಕರ್ಕೊಂಡು ಬಂದೋರು ನೀವೇ ತಾನೆ?"

ಹೌದು, ನಾನೇ. ಕಪಾಟಿನಲ್ಲಿ ಆಗಲೇ ಬೇರೆ ಯಾರದೋ ಚಕ್ಕುಲಿ ಕೂತಿತ್ತು. ಬೂಷ್ಟು ಹಿಡಿದ ಪ್ಯಾಕೆಟ್ಟುಗಳನ್ನು ಒಂದೂ ಬಿಡದೆ ಚೀಲಕ್ಕೆ ತುಂಬಿಕೊಂಡು ಮನೆಗೆ ನಡೆದೆ.